ಯಂತ್ರಮುದ್ರಿತ ಹಾಸ್ಯವೂ ಕಾಲಭೇದವೂ

ಹಾಸ್ಯರಸವು ಮುಪ್ಪಾಗುವುದುಂಟೆ ಎಂಬ ಪ್ರಶ್ನೆಯು ರಂಗಭೂಮಿಯಲ್ಲಿ ಅಷ್ಟಾಗಿ ಏಳುವುದಿಲ್ಲ. ನಾಟಕವು ಆಡಿದಾಗಲೆಲ್ಲ ಹೊಸದು; ನಟನು ಸಭೆಯ ಮುಖವನ್ನು ನೋಡಿ ಮಾತನ್ನು ತಿದ್ದಿಕೊಳ್ಳಬಲ್ಲನು. ಮಾಸ್ಟರ್ ಹಿರಣ್ಣಯ್ಯನವರು ‘ಲಂಚಾವತಾರ’ದಲ್ಲಿ ಅಂದಂದಿನ ರಾಜಕೀಯ ವಾರ್ತೆಗಳನ್ನು ಸೇರಿಸಿ ಸಭಿಕರನ್ನು ನಗಿಸುತ್ತಿದ್ದುದನ್ನು ಕಂಡವರು ಇದನ್ನು ಬಲ್ಲರು. ಚಲಚ್ಚಿತ್ರಕ್ಕೆ ಈ ಅನುಕೂಲವಿಲ್ಲ. ಒಮ್ಮೆ ಮುದ್ರಿತವಾದ ಚೇಷ್ಟೆಯು ನೂರು ವರ್ಷಗಳ ಮೇಲೂ ಹಾಗೆಯೇ ನಡೆದು ನಗೆಯನ್ನು ನಿರೀಕ್ಷಿಸುತ್ತದೆ. ಅದು ದೊರೆಯುವುದೇ ಎಂಬುದು ವಿಚಾರಣೀಯವಾಗಿದೆ.

ಪೂರ್ವಪಕ್ಷವು ಹೀಗಿರಬಹುದು: ಸಾಧಾರಣೀಕರಣದಿಂದ ದೇಶಕಾಲಗಳ ಕಟ್ಟು ಸಡಿಲುವುದೆಂದ ಮೇಲೆ ಹಾಸ್ಯವು ಮಾತ್ರ ಹಳತಾಗುವುದೇಕೆ? ನಗದವನು ಅರಸಿಕನೇ ಸರಿ. ಈ ಲೇಖಕನೂ ಬಹುಕಾಲ ಹೀಗೆಯೇ ಭಾವಿಸಿ, ವಿದೂಷಕನ ಮೋದಕಲೋಭಕ್ಕೆ ನಗದ ವಿದ್ಯಾರ್ಥಿಗಳನ್ನು ಗದರಿಸಿದವನು. ಅದು ತಪ್ಪೆಂದು ಈಗ ತೋರುತ್ತದೆ. ಭರತಮುನಿಯು ವಿಕೃತವೇಷ, ಲೌಲ್ಯ, ಅಸತ್ಪ್ರಲಾಪ ಮುಂತಾದವುಗಳನ್ನು ಹಾಸ್ಯದ ವಿಭಾವಗಳೆಂದು ಎಣಿಸಿದನು. ಅಭಿನವಗುಪ್ತನು ಅನೌಚಿತ್ಯವೇ ಅವುಗಳ ಮೂಲವೆಂದು ತಿಳಿಸಿದನು. ಅನೌಚಿತ್ಯವು ಕಾಣಬೇಕಾದರೆ ಔಚಿತ್ಯವು ಮೊದಲೇ ಮನಸ್ಸಿನಲ್ಲಿರಬೇಕಷ್ಟೆ. ಅದನ್ನು ಕಲಿಸತಕ್ಕದ್ದು ಲೋಕ. ಲೋಕವೋ ತಲೆಮಾರಿಗೊಮ್ಮೆ ಬದಲಾಗುವಂಥದು.

ಇದಕ್ಕೆ ಲಕ್ಷ್ಯವಾಗಿ ಚಾರ್ಲಿ ಚಾಪ್ಲಿನ್ನನ ‘ದಿ ಗೋಲ್ಡ್ ರಷ್’ (1925) ಎಂಬ ಮೂಕಚಿತ್ರವನ್ನು ತೆಗೆದುಕೊಳ್ಳೋಣ. ಹಿಮದ ನಡುವಣ ಗುಡಿಸಿಲಿನಲ್ಲಿ ಸಿಕ್ಕಿಬಿದ್ದ ನಾಯಕನು ಹಸಿವನ್ನು ತಾಳಲಾರದೆ ತನ್ನ ಬೂಟನ್ನೇ ಬೇಯಿಸಿ, ಔತಣದ ಮರ್ಯಾದೆಯಿಂದ ಬಡಿಸಿ, ಅದರ ದಾರವನ್ನು ಶಾವಿಗೆಯಂತೆ ಮುಳ್ಳುಚಮಚಕ್ಕೆ ಸುತ್ತಿ ತಿನ್ನುತ್ತಾನೆ. ಮೊಳೆಗಳನ್ನು ಎಲುಬುಗಳಂತೆ ಚೀಪುತ್ತಾನೆ. ಎಲುಬು ಚೀಪುವುದು ಈ ಲೇಖಕನ ಕುಲಾಚಾರದಲ್ಲಿಲ್ಲ. ಆದರೂ ನಗೆಯು ತಡೆಯಲಿಲ್ಲ. ಜೊತೆಯಲ್ಲಿ ನೋಡುತ್ತಿದ್ದ ಪಾಠಶಾಲೆಯ ಹುಡುಗರಂತೂ ನೆಲಕ್ಕೆ ಉರುಳಿದರು. ಹಸಿವೆಂಬುದೂ ಪಂಕ್ತಿಯ ಮರ್ಯಾದೆಯೆಂಬುದೂ ಯಾರಿಗೆ ತಿಳಿಯದು? 1846ರಲ್ಲಿ ಅಮೆರಿಕದ ಸಿಯೆರಾ ನೆವಾಡ ಪರ್ವತದ ಹಿಮದಲ್ಲಿ ಸಿಕ್ಕಿ ಹಸಿವಿನಿಂದ ನರಳಿದ ವಲಸೆಗಾರರ ವೃತ್ತಾಂತವನ್ನು ಓದಿದುದೇ ಈ ಚಿತ್ರಕ್ಕೆ ಪ್ರೇರಣೆಯಾಯಿತೆಂದು ಚಾಪ್ಲಿನ್ನನೇ ಹೇಳಿದ್ದಾನೆ. ಕರುಣದ ಬೇರಿನಿಂದ ಹಾಸ್ಯವು ಚಿಗುರಿದುದು ಹೀಗೆ.

1942ರಲ್ಲಿ ಚಾಪ್ಲಿನ್ನನು ಇದೇ ಚಿತ್ರದ ಬರೆಹಗಳನ್ನು ತೆಗೆದುಹಾಕಿ, ಸಂಗೀತವನ್ನು ಕೂಡಿಸಿ, ತನ್ನ ದನಿಯಲ್ಲಿಯೇ ನಿರೂಪಣೆಯನ್ನು ಸೇರಿಸಿ ಮರಳಿ ಹೊರತಂದನು. ಮೂಲಕಾರನೇ ವ್ಯಾಖ್ಯಾನಕಾರನಾದನು! ನಮ್ಮ ಅಭಿಪ್ರಾಯದಲ್ಲಿ ಈ ವ್ಯಾಖ್ಯಾನವು ಮೂಲಕ್ಕೆ ಹೊರೆ. ಕಣ್ಣು ಕಂಡುದನ್ನೇ ಕಿವಿಗೆ ಹೇಳಿದರೆ ನಗೆಯು ಹೊರಡುವ ಹೊತ್ತಿಗೆ ತಡೆಬೀಳುತ್ತದೆ. ಆ ಮಾತಿನ ಧಾಟಿಯು 1942ರದು. ಹದಿನೇಳು ವರ್ಷ ಕಿರಿದಾದರೂ ಮೂಲಕ್ಕಿಂತ ವೃದ್ಧವಾಗಿ ಕೇಳಿಸುತ್ತದೆ.

ಹಾಗೆಂದು ಮಾತೇ ದೋಷವೆನ್ನಲಾಗದು. ‘ಮಾಡರ್ನ್ ಟೈಮ್ಸ್’ (1936) ಚಿತ್ರದಲ್ಲಿ ಹಾಡಬೇಕಾದ ಪದಗಳನ್ನು ಅಂಗಿಯ ತೋಳಪಟ್ಟಿಯ ಮೇಲೆ ಬರೆದುಕೊಂಡ ನಾಯಕನು, ಆ ಪಟ್ಟಿಯು ಹಾರಿಹೋಗಲು, ಯಾವ ಭಾಷೆಯದೂ ಅಲ್ಲದ ಶಬ್ದಗಳಿಂದ ಹಾಡಿ ಅಭಿನಯದಿಂದಲೇ ಕಥೆಯನ್ನು ತಿಳಿಸುತ್ತಾನೆ. ಅಸತ್ಪ್ರಲಾಪಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾವು ಕಂಡಿಲ್ಲ. ಅರ್ಥವೇ ಇಲ್ಲದ ಪದಕ್ಕೆ ಅರ್ಥವು ಹಳತಾಗುವ ಭಯವೆಲ್ಲಿಯದು?

ಲೋಕಜ್ಞಾನವು ಕಡಮೆಯಾಗಿ ಹಾಸ್ಯವು ಕೆಡುವಂತೆ ಹೆಚ್ಚಾಗಿಯೂ ಕೆಡುವುದುಂಟು. ‘ದಿ ಗ್ರೇಟ್ ಡಿಕ್ಟೇಟರ್’ (1940) ಚಿತ್ರದಲ್ಲಿ ಸರ್ವಾಧಿಕಾರಿಯು ಭೂಗೋಲವನ್ನು ಚೆಂಡಾಗಿ ಆಡುವುದನ್ನು ಕಂಡು ಹುಡುಗರು ನಕ್ಕರು. ಬಂದಿಶಿಬಿರದ ಪ್ರಸಂಗ ಬಂದಾಗ ಒಬ್ಬನೂ ನಗಲಿಲ್ಲ. ಜರ್ಮನಿಯ ಶಿಬಿರಗಳ ಘೋರವು ಆಗಲೇ ತಿಳಿದಿದ್ದರೆ ಆ ಚಿತ್ರವನ್ನು ಮಾಡಲಾಗುತ್ತಿರಲಿಲ್ಲವೆಂದು ಚಾಪ್ಲಿನ್ನನು 1964ರ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾನೆ. ಇಲ್ಲಿ ನಗದಿರುವುದೇ ಸಹೃದಯತೆ. ಆದಕಾರಣ ಪೂರ್ವಪಕ್ಷವು ನಿಲ್ಲುವುದಿಲ್ಲ.

ಅಧ್ಯಾಪಕರಾದವರು ನಗೆಯ ಮಾತನ್ನು ಓದಿದ ಮೇಲೆ ಅದರ ಸ್ವಾರಸ್ಯವನ್ನು ವಿವರಿಸುವುದು ರೂಢಿ. ಈ ವರ್ಷ ನಾವು ಕ್ರಮವನ್ನು ಬದಲಿಸಿ, ರಾಜನ ನರ್ಮಸಚಿವನಿಗೆ ಸಭೆಯಲ್ಲಿ ಎಂತಹ ನಡತೆಯು ಸಲ್ಲತಕ್ಕದ್ದೆಂಬುದನ್ನು ಹಿಂದಿನ ದಿನವೇ ಹೇಳಿ, ಮರುದಿನ ವ್ಯಾಖ್ಯಾನವಿಲ್ಲದೆ ವಿದೂಷಕನ ಮಾತುಗಳನ್ನು ಓದಿದೆವು. ಮೂವರು ಹುಡುಗರ ಮುಖ ಅರಳಿತು. ಭರತಮುನಿಯ ಲೆಕ್ಕದಲ್ಲಿ ಅದು ಸ್ಮಿತ. ಹಲ್ಲು ಕಾಣುವ ಹಸಿತದವರೆಗೆ ಹೋಗಲಿಲ್ಲ.