‘ಶಾಸ್ತ್ರತತ್ತ್ವವಿನಿರ್ಣಯ’ವೂ ಪಾಠಶಾಲೆಯ ಪೂರ್ವಪಕ್ಷವೂ

ಪಾಠಶಾಲೆಯಲ್ಲಿ ಬೆಳೆದ ತರುಣನು ಕ್ರೈಸ್ತಮತಕ್ಕೆ ವಿಮುಖನಾಗುವನು, ಮಿಷನ್ ಶಾಲೆಯಲ್ಲಿ ಕಲಿತವನು ಅದಕ್ಕೆ ಒಲಿಯುವನು ಎಂಬ ಭಾವನೆ ನಮ್ಮಲ್ಲಿ ಬಹುಕಾಲದಿಂದ ರೂಢವಾಗಿದೆ. ಮಂಗಳೂರಿನ ಬಾಸೆಲ್ ಮಿಷನ್ನಿನ ಇಂಗ್ಲಿಷ್ ಶಾಲೆಯಲ್ಲಿ ಓದುತ್ತಿದ್ದ ಸಾರಸ್ವತ ತರುಣ ಆನಂದರಾವ್ ಕೌಂಡಿನ್ಯರು ೧೮೪೪ರಲ್ಲಿ ಕ್ರೈಸ್ತರಾದ ಸಂಗತಿಯನ್ನು ಇದಕ್ಕೆ ನಿದರ್ಶನವಾಗಿ ಹೇಳುವವರುಂಟು. ಅದೇ ಕಾಲದಲ್ಲಿ ಕಾಶಿಯಲ್ಲಿ ನಡೆದುದನ್ನು ಪರ್ಯಾಲೋಚಿಸಿದರೆ ಈ ನಿಯಮಕ್ಕೆ ವ್ಯಭಿಚಾರ ಬರುವುದು.

ಕಂಪೆನಿ ಸರಕಾರದ ಅಧಿಕಾರಿಯೂ ಸಂಸ್ಕೃತಜ್ಞನೂ ಆಗಿದ್ದ ಜಾನ್ ಮ್ಯೂರನು ೧೮೩೯ರಲ್ಲಿ ‘ಮತಪರೀಕ್ಷಾ’ ಎಂಬ ಗ್ರಂಥವನ್ನು ಗುರುಶಿಷ್ಯಸಂವಾದರೂಪವಾಗಿ ಸಂಸ್ಕೃತದಲ್ಲಿಯೇ ಪ್ರಕಟಿಸಿದನು. ಇದಕ್ಕೆ ಮೂವರು ಪಂಡಿತರು ಉತ್ತರ ಬರೆದರು. ಸೋಮನಾಥನದು ಸೌಮ್ಯವಾದುದು, ಹರಚಂದ್ರ ತರ್ಕಪಂಚಾನನನದು ಕಟುವಾದುದು. ಮೂರನೆಯದೇ ನೀಲಕಂಠ ಗೋರೆಯ ‘ಶಾಸ್ತ್ರತತ್ತ್ವವಿನಿರ್ಣಯ’. ೧೮೨೫ರಲ್ಲಿ ಹುಟ್ಟಿ, ಸಂಪ್ರದಾಯದ ಕ್ರಮದಲ್ಲಿ ವ್ಯಾಕರಣ ನ್ಯಾಯಗಳನ್ನು ಓದಿದ ಈತನಿಗೆ ಆಗ ಇನ್ನೂ ಇಪ್ಪತ್ತರ ಆಸುಪಾಸಿನ ವಯಸ್ಸು. ೧೯೫೧ರಲ್ಲಿ ಸದಾಶಿವ ಕತ್ರೆಯವರು ಉಜ್ಜಯಿನಿಯಿಂದ ಈ ಗ್ರಂಥವನ್ನು ಸಂಪಾದಿಸಿ ಹೊರತಂದರು.

ಗ್ರಂಥದ ಬಲವೂ ದೌರ್ಬಲ್ಯವೂ ಒಂದೇ ಎಡೆಯಲ್ಲಿವೆ. ಅದ್ಭುತಕಾರ್ಯ, ಪಾವಿತ್ರ್ಯ, ಸರ್ವಸಾಮಾನ್ಯತೆ ಎಂಬ ಒರೆಗಲ್ಲುಗಳಿಂದ ಮತಗಳನ್ನು ಪರೀಕ್ಷಿಸಬೇಕೆಂಬ ಮ್ಯೂರನಿಗೆ, ತರ್ಕವು ಶಾಸ್ತ್ರಕ್ಕೆ ಅಧೀನವೆಂದು ನೀಲಕಂಠನು ಉತ್ತರ ಕೊಡುವನು. ಕೇವಲ ತರ್ಕದಿಂದಲೇ ಪರೀಕ್ಷಿಸುವುದಾದರೆ ನಿಮ್ಮ ಶಾಸ್ತ್ರವೂ ನಿಲ್ಲಲಾರದೆನ್ನುವನು. ಪೂರ್ವಜನ್ಮವನ್ನು ಒಪ್ಪದವರು ಹುಟ್ಟಿನಲ್ಲಿಯೇ ಕಾಣುವ ಸುಖದುಃಖಗಳ ವೈಷಮ್ಯಕ್ಕೆ ಏನು ಕಾರಣ ಹೇಳುವರು ಎಂಬ ಪ್ರಶ್ನೆಯಂತೂ ಹರಿತವಾದುದೇ ಸರಿ. ಆದರೆ ಇವು ನೈಯಾಯಿಕರು ‘ಪ್ರತಿಬಂದಿ’ ಎನ್ನುವ ಬಗೆಯವು. ಪ್ರತಿಬಂದಿಯು ಎದುರಾಳಿಯ ಬಾಯಿ ಮುಚ್ಚಿಸಬಲ್ಲುದೇ ಹೊರತು ಸ್ವಪಕ್ಷವನ್ನು ಸ್ಥಾಪಿಸಲಾರದು. ವಾದದಲ್ಲಿ ಗೆಲ್ಲುವ ಆಯುಧವನ್ನು ಗುರುಗಳು ಇವನಿಗೆ ಧಾರಾಳವಾಗಿ ಕೊಟ್ಟಿದ್ದರು. ಶ್ರದ್ಧೆಯು ಯಾವುದರ ಮೇಲೆ ನಿಂತಿದೆಯೆಂಬ ಪ್ರಶ್ನೆಗೆ ಗ್ರಂಥದಲ್ಲಿ ದೊರೆಯುವ ಉತ್ತರವು ಸಪ್ಪೆಯಾಗಿದೆ.

೧೮೪೮ರಲ್ಲಿ ನೀಲಕಂಠನು ಕ್ರೈಸ್ತನಾಗಿ ನೆಹೆಮಿಯನೆಂಬ ಹೆಸರು ತಾಳಿದನು. ಇದನ್ನು ಆಮಿಷದ ಫಲವೆಂದು ತಳ್ಳಿಹಾಕುವುದು ಅನ್ಯಾಯ. ಖಂಡಿಸುವುದಕ್ಕೆಂದು ಇಷ್ಟು ಶ್ರದ್ಧೆಯಿಂದ ಪರಮತವನ್ನು ಓದಿದವನನ್ನು ಆಮಿಷವು ಎಳೆಯಿತೆಂದು ನಾವು ಒಪ್ಪಲಾರೆವು. ಮುಂದೆ ೧೮೬೦ರಲ್ಲಿ ಆತನು ಹಿಂದಿಯಲ್ಲಿ ಬರೆದ ‘ಷಡ್ದರ್ಶನದರ್ಪಣ’ದಲ್ಲಿ ಖಂಡಿತವಾದುವು ನಮ್ಮ ದರ್ಶನಗಳೇ. ಪಕ್ಷ ಬದಲಾಯಿತು, ಪದ್ಧತಿ ಬದಲಾಗಲಿಲ್ಲ. ಎರಡರಲ್ಲಿಯೂ ಎದುರಿನ ಮತವು ತರ್ಕದ ಬಲೆಗೆ ಸಿಕ್ಕುವಷ್ಟು ಮಾತ್ರ ಕಾಣುವುದು.

ಇನ್ನೊಂದು ಕಡೆ ಸರ್ವೇಪಲ್ಲಿ ರಾಧಾಕೃಷ್ಣನ್ನರನ್ನು ನೋಡಬೇಕು. ತಿರುಪತಿಯ ಲೂಥರನ್ ಮಿಷನ್ ಶಾಲೆ, ವೇಲೂರಿನ ವೂರ್ಹೀಸ್ ಕಾಲೇಜು, ಮದರಾಸಿನ ಕ್ರಿಶ್ಚಿಯನ್ ಕಾಲೇಜು—ಇವರ ವಿದ್ಯಾಭ್ಯಾಸದ ಬಹುಭಾಗವು ಮಿಷನರಿಗಳ ಕೈಯಲ್ಲಿಯೇ ನಡೆಯಿತು. ಹಿಂದೂಧರ್ಮದ ಮೇಲಿನ ಆಕ್ಷೇಪಗಳು ತಮ್ಮ ಅಭಿಮಾನವನ್ನು ಕೆರಳಿಸಿ ಅದರ ಅಧ್ಯಯನಕ್ಕೆ ಹಚ್ಚಿದುವೆಂದು ಅವರೇ ಹೇಳಿಕೊಂಡಿದ್ದಾರೆ. ವೇದಾಂತದಲ್ಲಿ ನೀತಿಗೆ ಎಡೆಯಿಲ್ಲವೆಂಬ ಆಕ್ಷೇಪಕ್ಕೆ ಉತ್ತರರೂಪವಾದ ಅವರ ಪ್ರಬಂಧವು ೧೯೦೮ರಲ್ಲಿ ಅಚ್ಚಾಯಿತು. ಅದನ್ನು ಮೆಚ್ಚಿದ ಅಧ್ಯಾಪಕ ಹಾಗ್ ಮಹಾಶಯನು ಸ್ವತಃ ಮಿಷನರಿ! ಮುಂದೆ ೧೯೧೮ರಿಂದ ೧೯೨೧ರವರೆಗೆ ಅವರು ಮೈಸೂರು ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳಿದುದು ವಾಚಕರಿಗೆ ತಿಳಿದೇ ಇದೆ. ಆಕ್ಷೇಪಕ್ಕೆ ಉತ್ತರ ಬರೆಯುವ ಶಿಷ್ಯನನ್ನು ಸಹಿಸಿ ಮೆಚ್ಚಿದ ಗುರು ಆ ಕಾಲೇಜಿನಲ್ಲಿದ್ದನೆಂಬುದು ನನಗೆ ಮುಖ್ಯವಾಗಿ ತೋರುವುದು. ಕೌಂಡಿನ್ಯರನ್ನೂ ಇವರನ್ನೂ ಒಂದೇ ಸೂತ್ರದಿಂದ ವಿವರಿಸಲು ಹೊರಡುವುದು ಸಾಹಸ.

ನಮ್ಮ ಪಾಠಶಾಲೆಗಳ ಸ್ಥಿತಿ ಬೇರೆ. ಮಾಧವಾಚಾರ್ಯರ ಹೆಸರಿನಲ್ಲಿರುವ ‘ಸರ್ವದರ್ಶನಸಂಗ್ರಹ’ವು ಚಾರ್ವಾಕನಿಂದ ಮೊದಲಾಗಿ ಬೌದ್ಧ, ಆರ್ಹತ ಮತಗಳನ್ನು ಕ್ರಮವಾಗಿ ನಿರೂಪಿಸುವುದು. ನಾವು ಅದನ್ನು ಓದಿದೆವು. ಕಣ್ಣಿಂದ ಕಂಡರಿಯದ ಬೌದ್ಧನ ಕ್ಷಣಿಕವಾದವನ್ನು ಕಂಠಪಾಠ ಮಾಡಿದೆವು. ಪಕ್ಕದ ಬೀದಿಯ ಇಗರ್ಜಿಯಲ್ಲಿ ಏನನ್ನು ನಂಬುವರೆಂಬುದನ್ನು ಮಾತ್ರ ಯಾರೂ ನಮಗೆ ಹೇಳಲಿಲ್ಲ. ಪೂರ್ವಪಕ್ಷವಾಗಿಯಾದರೂ ಗುರುಮುಖದಿಂದ ಕೇಳದ ಮತವನ್ನು ಶಿಷ್ಯನು ಬೀದಿಯ ಮಾತಿನಿಂದ ಕಲಿಯುವನು. ಅಲ್ಲಿ ದೊರೆಯುವುದು ತಿರಸ್ಕಾರ, ಇಲ್ಲವೆ ಕುತೂಹಲ.

‘ಮತಪರೀಕ್ಷಾ’ ಗ್ರಂಥವನ್ನೂ ಅದರ ಮೂರು ಉತ್ತರಗಳನ್ನೂ ವಿದ್ವತ್ತರಗತಿಗಳಲ್ಲಿ ಒಟ್ಟಿಗೆ ಪಾಠ ಹೇಳಬಹುದು. ನಾಲ್ಕೂ ಸಂಸ್ಕೃತದಲ್ಲಿಯೇ ಇರುವುದರಿಂದ ಭಾಷೆಯ ತೊಡಕಿಲ್ಲ. ಮ್ಯೂರನ ಗ್ರಂಥವನ್ನು ಮೊದಲು, ಉತ್ತರಗಳ ನೆರವಿಲ್ಲದೆ, ಪೂರ್ತಿಯಾಗಿ ಓದಿಸಬೇಕು.