ಹೂಳಿನ ಅಳತೆಯನ್ನು ಎಷ್ಟು ನಂಬಬೇಕು?

ಅಮೆರಿಕ–ಕೆನಡಾ ಗಡಿಯ ಮಹಾಸರೋವರಗಳ ಹೂಳಿನಲ್ಲಿ ಅಗ್ನಿನಿರೋಧಕ ರಾಸಾಯನಿಕಗಳನ್ನು ಅಳೆದ ಕೆಲಸದ ಬಗ್ಗೆ ನನಗೆ ಅಪಾರ ಗೌರವವಿದೆ. ಸೋಫಾ, ಟಿವಿ, ವೈರುಗಳಿಗೆ ಬೇಗ ಬೆಂಕಿ ಹತ್ತದಿರಲೆಂದು ಬೆರೆಸಿದ ಪಿಬಿಡಿಇ ಎಂಬ ಬ್ರೋಮಿನ್ ಸಂಯುಕ್ತಗಳು ದೂಳು, ಚರಂಡಿಗಳ ದಾರಿ ಹಿಡಿದು ಸರೋವರ ಸೇರುತ್ತವೆ. ನೀರಿನಲ್ಲಿ ಕರಗದೆ ಮಣ್ಣಿನ ಕಣಗಳಿಗೆ ಅಂಟಿ ತಳಕ್ಕಿಳಿಯುತ್ತವೆ.

ಕೊಳವೆ ಇಳಿಸಿ, ಹೂಳನ್ನು ಕದಡದೆ ಮೇಲೆತ್ತಿ, ಬಿಲ್ಲೆಬಿಲ್ಲೆಯಾಗಿ ಕೊಯ್ಯುತ್ತಾರೆ. ಸುಮಾರು 22 ವರ್ಷ ಅರ್ಧಾಯುಷ್ಯದ ಸೀಸ-210 ಎಷ್ಟು ಉಳಿದಿದೆ ಎಂಬುದರಿಂದ ಪದರದ ವಯಸ್ಸು ತಿಳಿಯುತ್ತದೆ. ಅಣ್ವಸ್ತ್ರ ಪರೀಕ್ಷೆಗಳಿಂದ ಉದುರಿದ ಸೀಸಿಯಂ-137 1963ರ ಸುಮಾರಿನ ಪದರದಲ್ಲಿ ಎದ್ದು ಕಾಣುವುದರಿಂದ ಆ ಲೆಕ್ಕವನ್ನು ತಾಳೆ ನೋಡಬಹುದು.

ಕಷ್ಟವಿರುವುದು ಹತ್ತು ಬ್ರೋಮಿನ್ ಪರಮಾಣುಗಳ ಬಿಡಿಇ-209 ಎಂಬ ಪಿಬಿಡಿಇಯಲ್ಲಿ. ಬೆಳಕು ಬಿದ್ದರೆ ಅದು ಒಡೆಯುತ್ತದೆ. ಅಳೆಯಲು ಬಳಸುವ ಗ್ಯಾಸ್ ಕ್ರೊಮಟೋಗ್ರಫಿಯ ಉದ್ದ ಕೊಳವೆಯ ಬಿಸಿಯಲ್ಲೂ ಒಡೆಯುತ್ತದೆ, ಅದಕ್ಕೆ ಗಿಡ್ಡ ಕೊಳವೆಯೇ ಬೇಕು. ಪ್ರಯೋಗಾಲಯದ ದೂಳಿನಲ್ಲೂ ಅದೇ ಇರುವುದರಿಂದ ಪ್ರತಿ ಸರದಿಯಲ್ಲೂ ಹೂಳಿಲ್ಲದ ಖಾಲಿ ಮಾದರಿಯೊಂದನ್ನು ಜೊತೆಗೇ ಓಡಿಸಬೇಕು. ಈ ತಾಪತ್ರಯ ಬೇಡವೆಂದು 209ನ್ನು ಕೈಬಿಟ್ಟು ‘ಒಟ್ಟು ಪಿಬಿಡಿಇ’ ಎಂದು ಅಚ್ಚು ಹಾಕುವ ವರದಿಗಳು ಓದುಗರ ದಾರಿ ತಪ್ಪಿಸುತ್ತವೆ. ಮಹಾಸರೋವರಗಳ ಹೂಳಿನಲ್ಲಿ ಬಹುಪಾಲು ಇರುವುದೇ ಅದು!

ಅಳಿವೆಯ ಕಥೆ ಬೇರೆ. ಭರತ, ಇಳಿತ, ಹೂಳೆತ್ತುವ ಯಂತ್ರ, ಹುಳುಗಳು ಎಲ್ಲವೂ ಪದರಗಳನ್ನು ಕಲಸಿಬಿಡುತ್ತವೆ. ಅಲ್ಲಿ ಮೇಲ್ಪದರವನ್ನೇ ವರ್ಷವರ್ಷವೂ ಅಳೆಯುವುದು ಮೇಲು. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯಲ್ಲಿ ಹಾಗೆ ಅಳೆದದ್ದರಿಂದಲೇ, ಕ್ಯಾಲಿಫೋರ್ನಿಯಾ 2006ರಲ್ಲಿ ತಡೆದ ಪೆಂಟಾ ಎಂಬ ಪಿಬಿಡಿಇ ಮಿಶ್ರಣದ ಅಂಶ ಹೂಳಿನಲ್ಲಿ ಇಳಿದದ್ದೂ 209 ಹಾಗೆ ಇಳಿಯದಿದ್ದದ್ದೂ ಗೊತ್ತಾಯಿತು.

ನನ್ನ ದೊಡ್ಡ ತಕರಾರು ಹುಡುಕುವ ಪಟ್ಟಿಯ ಮೇಲೆ. ಡೆಕ್ಲೊರೇನ್ ಪ್ಲಸ್ ಎಂಬ ಕ್ಲೋರಿನ್‌ಯುಕ್ತ ಅಗ್ನಿನಿರೋಧಕ 1960ರ ದಶಕದಿಂದ ನಯಾಗರಾ ಫಾಲ್ಸ್ ಊರಿನಲ್ಲಿ ತಯಾರಾಗುತ್ತಿತ್ತು. ಕೆಳಗೇ ಒಂಟಾರಿಯೊ ಸರೋವರ. ಆದರೂ ಇಂಡಿಯಾನ ವಿಶ್ವವಿದ್ಯಾಲಯದ ರೊನಾಲ್ಡ್ ಹೈಟ್ಸ್ ತಂಡ ಅದನ್ನು ಮಹಾಸರೋವರ ಪ್ರದೇಶದ ಗಾಳಿ, ಮೀನು, ಹೂಳಿನಲ್ಲಿ ಗುರುತಿಸಿ ಪ್ರಕಟಿಸಿದ್ದು 2006ರಲ್ಲಿ. ಬೇಗ ನಶಿಸದ ಮಾಲಿನ್ಯಕಾರಕಗಳನ್ನು ತಡೆಯುವ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಅದು ಸೇರಿದ್ದು 2023ರಲ್ಲಿ. ಏನೇನು ಹುಡುಕಿದೆವು, ಏನು ಹುಡುಕಲಿಲ್ಲ ಎಂಬುದನ್ನು ಪ್ರತಿ ವರದಿಯೂ ಮೊದಲ ಪುಟದಲ್ಲೇ ಹೇಳಬೇಕು.

ಈಗ ಬ್ರೋಮಿನ್ ಜಾಗಕ್ಕೆ ಬಂದಿರುವ ಟಿಸಿಪಿಪಿಯಂಥ ಕ್ಲೋರಿನ್‌ಯುಕ್ತ ಆರ್ಗನೋಫಾಸ್ಫೇಟ್‌ಗಳು ಹೂಳಿಗಿಂತ ನೀರಿನಲ್ಲೇ ಹೆಚ್ಚು ಉಳಿಯುತ್ತವೆ. ಹೂಳೊಂದನ್ನೇ ಅಳೆದು, ನಿಷೇಧ ಗೆದ್ದಿತೆಂದು ಬರೆಯುವವರನ್ನು ನಾನು ಒಪ್ಪಲಾರೆ. ಅದೇ ಜಾಗದ ನೀರಿನ ಅಳತೆಯೂ ಪಕ್ಕದಲ್ಲಿರಬೇಕು.