ಬಂಡೀಪುರದ ಗೇಟು: ಬಾಗಿದ್ದೆಷ್ಟು, ಮಾತಾಡಿದ್ದೆಷ್ಟು?

ಬಂಡೀಪುರದ ರಾತ್ರಿ ಸಂಚಾರ ನಿಷೇಧದ ಮಾತು ಬಂದಾಗಲೆಲ್ಲ ಚರ್ಚೆ ಕಾಡು ಬೇಕೋ ರಸ್ತೆ ಬೇಕೋ ಎಂಬಲ್ಲಿಗೇ ಹೋಗಿ ನಿಲ್ಲುತ್ತದೆ. ಅದನ್ನು ಒಂದೂವರೆ ದಶಕ ನಡೆದುಬಂದ ಯೋಜನೆಯೆಂದು ಎಣಿಸಿ, ಅದರ ನಿರ್ವಹಣೆ ಹೇಗಿದೆ ಎಂದು ಕೇಳಿದವರು ಕಡಿಮೆ. ಕೇಳಿ ನೋಡಿದರೆ, ಹಟಮಾರಿ ಎಂದು ಬೈಸಿಕೊಳ್ಳುವ ಈ ನಿಯಮ ಸಾಕಷ್ಟು ಬಾಗಿದೆ, ಬಾಗಿದ್ದರಿಂದಲೇ ಉಳಿದಿದೆ. ಅದರ ಕೊರತೆ ಇರುವುದು ಸಂವಹನದಲ್ಲಿ.

ಗುಂಡ್ಲುಪೇಟೆಯಿಂದ ಕೇರಳದ ಸುಲ್ತಾನ್ ಬತ್ತೇರಿಗೆ ಹೋಗುವ ಈಗಿನ 766ನೇ ರಾಷ್ಟ್ರೀಯ ಹೆದ್ದಾರಿ, ಊಟಿ ಕಡೆಗಿನ ಈಗಿನ 181ನೇ ಹೆದ್ದಾರಿ, ಎರಡೂ ಹುಲಿ ಸಂರಕ್ಷಿತ ಪ್ರದೇಶವನ್ನು ಸೀಳಿಕೊಂಡು ಸಾಗುತ್ತವೆ. ವಾಹನಕ್ಕೆ ಸಿಕ್ಕಿ ಸಾಯುವ ಪ್ರಾಣಿಗಳ ಸಂಖ್ಯೆ ಏರುತ್ತಿದ್ದಾಗ, 2009ರ ಜೂನ್‌ನಲ್ಲಿ ಚಾಮರಾಜನಗರದ ಜಿಲ್ಲಾಧಿಕಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧಿಸಿದರು. ಕೆಲವೇ ದಿನಗಳಲ್ಲಿ ಒತ್ತಡ ಬಂದು ಆದೇಶ ವಾಪಸಾಯಿತು. ವಿಷಯ ಹೈಕೋರ್ಟಿಗೆ ಹೋಗಿ ನಿಷೇಧ ಮತ್ತೆ ಜಾರಿಗೆ ಬಂತು. 2010ರ ಮಾರ್ಚ್‌ನಲ್ಲಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಹೊರಡಿಸಿದ ಆದೇಶವನ್ನು ವಾರ ಕಳೆಯುವಷ್ಟರಲ್ಲಿ ಹಿಂದಕ್ಕೆ ಪಡೆಯಬೇಕಾಗಿ ಬಂದದ್ದು ತಯಾರಿಯ ಕೊರತೆಯನ್ನೇ ಹೇಳುತ್ತದೆ. ವಯನಾಡಿನ ವ್ಯಾಪಾರಿ, ಗುಂಡ್ಲುಪೇಟೆಯ ರೈತ, ಬಸ್ಸಿನ ಚಾಲಕ ಎಲ್ಲರಿಗೂ ಮೊದಲು ಮುಟ್ಟಿದ್ದು ಆದೇಶ. ಕಾರಣ ತಲುಪುವಷ್ಟರಲ್ಲಿ ಸಿಟ್ಟು ಬೇರು ಬಿಟ್ಟಿತ್ತು.

ಆಮೇಲಿನ ನಿರ್ವಹಣೆಯಲ್ಲಿ ಮೆಚ್ಚಬೇಕಾದ್ದಿದೆ. ಆಂಬುಲೆನ್ಸ್‌ನಂಥ ತುರ್ತು ವಾಹನಗಳಿಗೆ ಅಡ್ಡಿ ಮಾಡಲಿಲ್ಲ. ಕರ್ನಾಟಕ, ಕೇರಳ ಎರಡೂ ರಾಜ್ಯಗಳ ಬೆರಳೆಣಿಕೆಯ ಸರ್ಕಾರಿ ಬಸ್‌ಗಳಿಗೆ ರಾತ್ರಿಯೂ ಗೇಟು ತೆರೆಯುತ್ತದೆ. ಹುಣಸೂರು, ಗೋಣಿಕೊಪ್ಪ, ಕುಟ್ಟ ಮಾರ್ಗವಾಗಿ ಮಾನಂದವಾಡಿ ಸೇರುವ ರಸ್ತೆಯನ್ನು ಕರ್ನಾಟಕ ದುರಸ್ತಿ ಮಾಡಿಸಿ, ಸುತ್ತಾದರೂ ಪರ್ಯಾಯವೊಂದನ್ನು ಕೊಟ್ಟಿತು. ಕಾಡಿಗೆ ರಾತ್ರಿ ಬಿಡುವು ಬೇಕೆಂಬ ಮೂಲ ಉದ್ದೇಶ ಸಡಿಲವಾಗಲಿಲ್ಲ. ಅದರ ಸುತ್ತಲಿನದು ಮಾತ್ರ ಬಾಗಿತು. ಏನನ್ನು ಬಿಟ್ಟುಕೊಡಬಹುದು, ಏನನ್ನು ಕೂಡದು ಎಂಬ ವಿವೇಕ ಇಲ್ಲಿ ಕೆಲಸ ಮಾಡಿದೆ.

ಆದರೆ ಸಂಜೆ ಏಳರ ಮೇಲೆ ಮದ್ದೂರು ಚೆಕ್‌ಪೋಸ್ಟಿನ ಕಡೆ ಹೋದರೆ ಇನ್ನೊಂದು ಮುಖ ಕಾಣುತ್ತದೆ. ಗುಂಡ್ಲುಪೇಟೆ, ತೆರಕಣಾಂಬಿ ಕಡೆಯಿಂದ ಟೊಮೆಟೊ ಕ್ರೇಟು, ಬೀನ್ಸ್ ಮೂಟೆ ಹೇರಿಕೊಂಡ ಗಾಡಿಗಳು ಗಡಿಯಾರ ನೋಡಿಕೊಂಡೇ ಓಡುತ್ತವೆ. ಓಣಂ ಹತ್ತಿರ ಬಂತೆಂದರೆ ಚೆಂಡು ಹೂವಿನ ಲೋಡೂ ಸೇರಿಕೊಳ್ಳುತ್ತದೆ. ಹರಾಜು ತಡವಾದರೆ ಹಮಾಲರ ಮೇಲೆ ರೇಗಾಟ, ದಾರಿಯುದ್ದಕ್ಕೂ ಧಾವಂತ. ಒಂಬತ್ತು ಮೀರಿದರೆ ಲಾರಿ ರಸ್ತೆ ಬದಿಗೆ, ಕ್ಲೀನರ್ ಟಾರ್ಪಾಲಿನ ಮೇಲೆ, ತರಕಾರಿ ಬೆಳಿಗ್ಗೆ ಆರರವರೆಗೆ ಒಳಗೇ ಬಾಡುತ್ತದೆ. ನಿಯಮ ಬಂದು ಇಷ್ಟು ವರ್ಷವಾದ ಮೇಲೆ ಮಾರುಕಟ್ಟೆಯ ಹೊತ್ತನ್ನೂ ಗೇಟಿನ ಹೊತ್ತನ್ನೂ ಎದುರುಬದುರು ಇಟ್ಟು ಹೊಂದಿಸುವುದು ದೊಡ್ಡ ಕೆಲಸವೇನಲ್ಲ. ಆದರೆ ಎಪಿಎಂಸಿ ಮಾರುಕಟ್ಟೆ ಒಂದು ಇಲಾಖೆಯದು, ಗೇಟು ಇನ್ನೊಂದರದು. ಎರಡರ ನಡುವಿನ ಹೊರೆ ಚಾಲಕನ ತಲೆಗೆ.

ಅರಣ್ಯದ ಅಂಚಿನಲ್ಲಿ ಹಾಕಿದ ಫಲಕದ ಉಪಯೋಗವೂ ಅಷ್ಟಕ್ಕಷ್ಟೇ. ಮೈಸೂರಿನಲ್ಲಿ ಗೊತ್ತಾದರೆ ಚಾಲಕ ಹುಣಸೂರು ದಾರಿ ಹಿಡಿಯಬಹುದು. ಗುಂಡ್ಲುಪೇಟೆ ದಾಟಿ ಬಂದವನಿಗೆ ಹಿಂದಕ್ಕೆ 60 ಕಿ.ಮೀ. ಹೋಗುವುದಕ್ಕಿಂತ ಗೇಟಿನಲ್ಲಿ ಜಗಳವಾಡುವುದೇ ಸುಲಭ. ಮಾಹಿತಿ ಸಿಗಬೇಕಾದ್ದು ಮನಸ್ಸು ಬದಲಿಸಲು ಇನ್ನೂ ಅವಕಾಶವಿರುವ ಜಾಗದಲ್ಲಿ, ಓದುವವನ ಭಾಷೆಯಲ್ಲಿ.

ಮೇಲಿನ ಹಂತದಲ್ಲೂ ಇದೇ ಕಥೆ. 2018ರಲ್ಲಿ ಮೇಲ್ಸೇತುವೆ ರಸ್ತೆಯ ಪ್ರಸ್ತಾವ ಬಂತು, ಕರ್ನಾಟಕ ಒಪ್ಪಲಿಲ್ಲ. 2019ರಲ್ಲಿ, ಹಗಲೂ ಈ ದಾರಿ ಮುಚ್ಚಬಹುದೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನಲ್ಲಿ ಎದ್ದಾಗ ಸುಲ್ತಾನ್ ಬತ್ತೇರಿಯಲ್ಲಿ ಉಪವಾಸ ಸತ್ಯಾಗ್ರಹ ನಡೆಯಿತು. 2025ರ ಏಪ್ರಿಲ್‌ನಲ್ಲಿ ನಿಷೇಧ ಸಡಿಲಿಸಬಾರದೆಂದು ಪರಿಸರಾಸಕ್ತರು ಬಂಡೀಪುರದಲ್ಲಿ ನಡಿಗೆ ಹೊರಟರು. ಎರಡು ಕಡೆಯವರೂ ಒಬ್ಬರ ಮಾತನ್ನು ಒಬ್ಬರು ಕೇಳಿಸಿಕೊಂಡದ್ದು ವಕೀಲರ ಬಾಯಿಂದ, ಇಲ್ಲವೇ ಘೋಷಣೆಗಳಿಂದ. ನ್ಯಾಯಾಲಯ ನಿಯಮವನ್ನು ಉಳಿಸಿಕೊಡಬಲ್ಲದು, ಒಪ್ಪಿಗೆಯನ್ನು ತಂದುಕೊಡಲಾರದು.

ಇದೇ ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ಬೇರೊಂದು ರೀತಿ ನಡೆದಿದೆ. ಅಲ್ಲಿನ ಆದಿವಾಸಿಗಳಾದ ಸೋಲಿಗರು ಏಟ್ರೀ ಸಂಸ್ಥೆಯ ಸಂಶೋಧಕರ ಜೊತೆ ಕಾಡು ಸುತ್ತಿ ತಮ್ಮ ಯೆಲ್ಲೆಗಳ, ಅಂದರೆ ಕುಲಗಳ ಗಡಿಗಳ, ನಕ್ಷೆ ಮಾಡಿದರು. ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಪವಿತ್ರ ತಾಣಗಳು ಎಲ್ಲೆಲ್ಲಿವೆ ಎಂಬುದು ಹಿರಿಯರ ನೆನಪಿನಿಂದ ಕಾಗದಕ್ಕೆ ಇಳಿಯಿತು. 2011ರಲ್ಲಿ ಆ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕೂ ಸಿಕ್ಕಿತು. ಅಲ್ಲಿ ತಗಾದೆ ಮುಗಿದಿದೆ ಎಂದಲ್ಲ. ಆದರೆ ವಾದ ಮಾಡಲು ಎರಡೂ ಕಡೆಯವರ ಮುಂದೆ ಒಂದು ನಕ್ಷೆಯಾದರೂ ಇದೆ. ಹೆದ್ದಾರಿಯ ವಿಷಯದಲ್ಲಿ ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಲೆಕ್ಕ.

ಹಾಗಾಗಿ ನಿಷೇಧ ಇರಲಿ ಎನ್ನುವವರ ಪರವಾಗಿಯೇ ನನ್ನ ತಕರಾರು. ಹೊತ್ತನ್ನು ಕಡಿತ ಮಾಡುವುದು ಬೇಡ, ಬಸ್ಸಿನ ಸಂಖ್ಯೆ ಏರಿಸುವುದೂ ಬೇಡ. ಓಣಂಗೆ ಮುಂಚೆ ಒಮ್ಮೆ, ಬೇಸಿಗೆಗೆ ಮುಂಚೆ ಒಮ್ಮೆ ಎರಡೂ ರಾಜ್ಯಗಳ ಅರಣ್ಯಾಧಿಕಾರಿಗಳು, ಎಪಿಎಂಸಿಯವರು, ಲಾರಿಯವರು ಗುಂಡ್ಲುಪೇಟೆಯಲ್ಲೋ ಬತ್ತೇರಿಯಲ್ಲೋ ಕೂರಲಿ. ಹರಾಜಿನ ಹೊತ್ತು, ಪರ್ಯಾಯ ರಸ್ತೆಯ ಸ್ಥಿತಿ, ಆ ಆರು ತಿಂಗಳಲ್ಲಿ ಸತ್ತ ಪ್ರಾಣಿಗಳ ಲೆಕ್ಕ ಎಲ್ಲರ ಮುಂದಿರಲಿ. ಆದೇಶ ಬರೆದವರು ಮೊದಲೇ ಮಾಡಬೇಕಿದ್ದ ಕೆಲಸವಿದು. ಮಾಡದೆ ಬಿಟ್ಟರೆ, ಇಷ್ಟು ಜಾಣತನದಿಂದ ಕಾಪಾಡಿಕೊಂಡ ನಿಯಮವನ್ನು ಯಾವುದೋ ಚುನಾವಣೆಯ ಹೊತ್ತಿನ ಒಂದು ಫೋನ್ ಕರೆ ಕೆಡವಬಹುದು.